ಹುರುಳಿ ಒಕ್ಕಿದ ಕಾರ್ ರೇಸು

ನಮ್ಮ ತುಮಕೂರಿನಲ್ಲಿ ಒಮ್ಮೆ ಕಾರ್ ರೇಸು ನಡೆದಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಅದರಲ್ಲಿ ನಾನೂ ಇದ್ದೆ ಎಂದರೆ ನನ್ನ ಸೊಸೆಯೇ ನಂಬುವುದಿಲ್ಲ. ಇದ್ದೆ, ಹಿಂದಿನ ಸೀಟಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನಲ್ಲಿ ಸ್ವಂತ ಕಾರಿದ್ದವರನ್ನೆಲ್ಲ ಒಟ್ಟುಗೂಡಿಸಿದರೂ ಮದುವೆಮನೆಯ ಒಂದು ಪಂಕ್ತಿ ಭರ್ತಿಯಾಗುವುದು ಕಷ್ಟವಿತ್ತು. ಅಂಥವರಲ್ಲಿ ಕೆಲವರು, ಭಾನುವಾರ ಮನೆಯಲ್ಲಿ ಕೂತು ಬೇಜಾರಾದವರು, ಸೇರಿಕೊಂಡು ಈ ರೇಸು ಹುಟ್ಟುಹಾಕಿದ್ದರು.

ವೇಗದ ರೇಸಲ್ಲ. ಆ ಕಾರುಗಳಿಗೆ ವೇಗ ಎಲ್ಲಿಂದ ಬರಬೇಕು? ಎಲ್ಲವೂ ಮುದಿ ಗಾಡಿಗಳು, ಹೆಚ್ಚಿನವು ಹತ್ತಾರು ಕೈ ದಾಟಿ ಬಂದವು. ಯಾರ ಕಾರು ಕೆಡದೆ, ಅಥವಾ ಕೆಟ್ಟರೂ ಹೇಗೋ ರಿಪೇರಿಯಾಗಿ, ಸಂಜೆಯವರೆಗೆ ಓಡುತ್ತದೆ ಎಂಬುದೇ ಪಂದ್ಯ. ತುಮಕೂರಿನಿಂದ ಹೊರಟು ಗುಬ್ಬಿ, ನಿಟ್ಟೂರು, ಸಿ.ಎಸ್. ಪುರದ ಮೇಲೆ ಕುಣಿಗಲ್ಲಿಗೆ ಹೋಗಿ ತುಮಕೂರಿಗೆ ವಾಪಸು ಬಂದರೆ ಒಂದು ಸುತ್ತು. ಹೊತ್ತು ಮುಳುಗುವುದರೊಳಗೆ ಮೂರು ಸುತ್ತು ಮುಗಿಸಬೇಕು. ಒಂದು ಕಾರಿಗೆ ಮೂರು ಜನ. ಪ್ರತಿ ಸುತ್ತು ಮುಗಿದಾಗಲೂ ತುಮಕೂರಿನಲ್ಲಿ ಮೂರು ತಲೆ ತೋರಿಸಬೇಕು. ಕಾರು ನಿಂತರೆ ತಳ್ಳಿಸಿಕೊಳ್ಳಬಹುದು, ಎತ್ತು ಕಟ್ಟಿಸಿ ಎಳೆಸಿಕೊಳ್ಳುವಂತಿಲ್ಲ. ಗೆದ್ದವರಿಗೆ ನೀರು ಕಾಯಿಸುವ ತಾಮ್ರದ ಹಂಡೆ.

ನಾನು ಹಂಡೆಯ ಆಸೆಗೆ ಹೋದವಳಲ್ಲ. ನಮ್ಮ ಮನೆಯವರಿಗಾಗಿ ಹೋದೆ. ಅವರು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಅವರ ಅಪ್ಪನ ಕಾಲದ ಒಂದು ಕಪ್ಪು ಕಾರು ನಮ್ಮ ಮನೆಯಲ್ಲಿತ್ತು. ಅದನ್ನು ಓಡಿಸುವುದೆಂದರೆ ಅವರಿಗೆ ಪ್ರಾಣ. ಸುಮ್ಮನೆ ಓಡಿಸುತ್ತಿರಲಿಲ್ಲ, ಮಾತಾಡುತ್ತಾ ಓಡಿಸುತ್ತಿದ್ದರು. ಎದುರಿಗೆ ಬಂದ ಎಮ್ಮೆಯಿಂದ ಹಿಡಿದು ಇಂಜಿನ್ನಿನೊಳಗಿನ ಕಿಡಿಯವರೆಗೆ ಎಲ್ಲದರ ಮೇಲೂ ಪಾಠ. ಹಿಂದಿನ ವರ್ಷ ಕ್ಯಾತ್ಸಂದ್ರದ ಹತ್ತಿರ ಒಂದು ಲಾರಿ ಅಡ್ಡ ಬಂದು ಗುದ್ದಿತು. ಅವರ ಬಲಗಾಲು ಮುರಿಯಿತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಕಾಲು ಸರಿಹೋಯಿತು, ಕಾರೂ ಸರಿಹೋಯಿತು. ಅವರು ಮಾತ್ರ ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ.

ಬೆಳಿಗ್ಗೆ ಎದ್ದು ಕಾರು ಒರೆಸುವುದನ್ನು ಬಿಟ್ಟಿರಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆರೆದು, ಸೀಟಿನ ಧೂಳು ಕೊಡವಿ, ಮೆಲ್ಲಗೆ ಬಾಗಿಲು ಮುಚ್ಚಿ ಒಳಗೆ ಬರುತ್ತಿದ್ದರು. ಆಮೇಲೆ ಸೈಕಲ್ ಹತ್ತಿ ಕಾಲೇಜಿಗೆ. ಹಿಂದೆ ಲಾರಿ ಹಾರನ್ ಕೇಳಿದರೆ ಇಳಿದು ಬೇಲಿ ಪಕ್ಕ ನಿಲ್ಲುತ್ತಾರೆಂದು ಅವರ ವಿದ್ಯಾರ್ಥಿಗಳೇ ಬಂದು ಹೇಳಿದರು. ಮಾತೂ ಕಡಿಮೆಯಾಯಿತು. ಊಟಕ್ಕೆ ಕೂತರೆ ಉಪ್ಪು ಬೇಕು, ಬೇಡ, ಅಷ್ಟೇ. ಕಾರು ಮೂಲೆಯಲ್ಲಿ ಕೊಳೆತರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಅದನ್ನು ಓಡಿಸುತ್ತಿದ್ದ ಆ ವಾಚಾಳಿ ಮನುಷ್ಯ ನನಗೆ ವಾಪಸು ಬೇಕಾಗಿತ್ತು.

ರೇಸಿಗೆ ನಮ್ಮ ಕಾರಿನ ಹೆಸರು ಕೊಟ್ಟವನು ನನ್ನ ತಮ್ಮ. ಬ್ಯಾಂಕಿನಲ್ಲಿ ಕೆಲಸ, ಬಾಯಿ ಮಾತ್ರ ಊರಗಲ.

"ನೀವೇನೂ ಓಡಿಸ್ಬೇಡಿ ಭಾವ. ನಾನ್ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಂಡು ದಾರಿ ಹೇಳಿ ಸಾಕು," ಎಂದ.

"ನಾನು ಸ್ಟೀರಿಂಗ್ ಮುಟ್ಟಲ್ಲ," ಎಂದರು ಇವರು.

"ಮುಟ್ಬೇಡಿ ಬಿಡಿ. ಅಕ್ಕನೂ ಬರ್ತಾಳೆ, ಮೂರು ತಲೆ ಆಯ್ತಲ್ಲ."

ಹೀಗೆ ನಾನು ರೇಸಿನವಳಾದೆ.

ಅದು ಹುರುಳಿ ಕೀಳುವ ಕಾಲ, ಬೆಳಗಿನ ಚಳಿ. ಹೊರಡುವ ಹೊತ್ತಿಗೆ ಅರ್ಧಕ್ಕರ್ಧ ಕಾರುಗಳು ಸ್ಟಾರ್ಟೇ ಆಗಲಿಲ್ಲ. ಒಬ್ಬರ ಕಾರನ್ನು ಇನ್ನೊಬ್ಬರು ತಳ್ಳಿದರು, ತಳ್ಳಿದವರ ಕಾರನ್ನು ತಳ್ಳಿಸಿಕೊಂಡವರು ಇಳಿದು ಬಂದು ತಳ್ಳಿದರು. ಹಸಿರು ನಿಶಾನೆ ತೋರಿಸಲು ಬಂದ ಹಿರಿಯರು ಬಾವುಟ ಕಂಕುಳಿಗೆ ಸಿಕ್ಕಿಸಿ ತಾವೂ ಕೈಹಾಕಿದರು. ಒಂದು ನೀಲಿ ಕಾರಿನ ಹಾರನ್ ಸಿಕ್ಕಿಕೊಂಡು ಗುಬ್ಬಿಯವರೆಗೂ ಬಾಯಿ ಮುಚ್ಚಲಿಲ್ಲ. ದಾರಿಯಲ್ಲಿ ಯಾರೋ ಮಂತ್ರಿ ಬಂದರೆಂದು ಜನ ಎದ್ದು ನಿಂತು ಕೈಮುಗಿದರು. ನಿಟ್ಟೂರಿನ ಹತ್ತಿರ ಇನ್ನೊಂದು ಕಾರಿನವರ ಟೈರು ಒಡೆದು, ಅವರು ಅದರೊಳಗೆ ಒಣಹುಲ್ಲು ತುರುಕಿಕೊಂಡು ಕೂತಿದ್ದರು. ನಮ್ಮ ಕಾರು ಹಬೆ ಕಾರುತ್ತಾ ಅಲ್ಲೇ ನಿಂತಿತು. ಅವರು ನಮಗೆ ನೀರು ಕೊಟ್ಟರು, ನಾನು ಅವರಿಗೆ ಪುಳಿಯೋಗರೆ ಕೊಟ್ಟೆ. ಯಾರೂ ಯಾರನ್ನೂ ಹಿಂದೆ ಹಾಕುವ ಯೋಚನೆಯಲ್ಲೇ ಇರಲಿಲ್ಲ. ಕೆಟ್ಟು ನಿಂತ ಕಾರು ಕಂಡರೆ ಇಳಿದು ನಗುವುದು, ಕೈಜೋಡಿಸುವುದು, ಮತ್ತೆ ಹತ್ತುವುದು. ನಾನೂ ಹೊಟ್ಟೆತುಂಬ ನಕ್ಕೆ. ಇವರು ಮಾತ್ರ ಮುಂದಿನ ಸೀಟಿನಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು, ಬಲಕ್ಕೆ, ಎಡಕ್ಕೆ ಎಂದಷ್ಟೇ ಹೇಳುತ್ತಿದ್ದರು.

ಸಿ.ಎಸ್. ಪುರ ಬಿಟ್ಟು ಸ್ವಲ್ಪ ಮುಂದೆ ಹೋದರೆ ರಸ್ತೆಯೇ ಕಾಣಲಿಲ್ಲ. ಕಣ ಮಾಡಿ, ಎತ್ತು ಕಟ್ಟಿ, ಒಕ್ಕುವ ಕಲ್ಲುಗುಂಡು ಹೊಡೆಯುವ ಬದಲು ನಮ್ಮ ಕಡೆ ರೈತರು ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು, ಲಾರಿ ಹಾಯ್ದುಹೋದರೆ ಕಾಯಿ ಒಡೆದು ಕಾಳು ಉದುರುತ್ತದೆ, ಪುಕ್ಕಟೆ ಒಕ್ಕಣೆ. ತಲೆಗೆ ಟವಲ್ ಸುತ್ತಿದ ಒಬ್ಬ ಮುದುಕ ಕವೆಗೋಲು ಹಿಡಿದು ರಸ್ತೆ ಮಧ್ಯೆ ನಿಂತು ಪೊಲೀಸಿನವರ ಹಾಗೆ ಕೈ ತೋರಿಸುತ್ತಿದ್ದ.

"ಒಸಿ ಎಡಕ್ ಬುಡಿ ಸ್ವಾಮಿ! ಆ ಕಡೆ ಇನ್ನೂ ಕಾಯಿ ಒಡ್ದಿಲ್ಲ!"

ನನ್ನ ತಮ್ಮ ಎಡಕ್ಕೇ ಬಿಟ್ಟ. ಮುದುಕನಿಗೆ ಬಲು ಖುಷಿಯಾಯಿತು. "ಏನ್ ಸ್ವಾಮಿ, ಇವತ್ತು ಇಷ್ಟೊಂದ್ ಕಾರು ಬತ್ತಾ ಅವೆ? ಮದ್ವೆಯಾ?" ಎಂದು ಕೇಳಿದ.

"ರೇಸು ಯಜಮಾನ್ರೇ! ಎಲ್ಲಾ ಕಾರೂ ಇನ್ನೆರಡು ಸಲ ಬರ್ತವೆ!" ಎಂದು ನನ್ನ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಸಾರಿದ.

ಬಾಯಿ ಸುಮ್ಮನಿರಬಾರದೇ? ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಇಡೀ ಊರಿನ ಹುರುಳಿ ರಸ್ತೆಗೆ ಬಂದಿತ್ತು. ಮೊದಲು ಪಾದ ಮುಳುಗುವಷ್ಟಿದ್ದದ್ದು ಈಗ ಮೊಣಕಾಲುದ್ದ. ಹೆಂಗಸರು, ಗಂಡಸರು ಎರಡೂ ಬದಿಗೆ ಮೊರ, ಗೋಣಿಚೀಲ ಹಿಡಿದು ನಮ್ಮ ದಾರಿಯನ್ನೇ ಕಾಯುತ್ತಿದ್ದರು. ನಮ್ಮ ಕಾರು ಮಧ್ಯದವರೆಗೆ ಹೋಗಿ ಮುಕ್ಕರಿಸಿ ನಿಂತಿತು. ಕಾರಿನ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಕಂಬಿಗೆ ಹುರುಳಿ ಬಳ್ಳಿ ಹಗ್ಗದಂತೆ ಸುತ್ತಿಕೊಂಡಿತ್ತು. ಇಂಜಿನ್ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವ ನಂಬಿಕೆಯಿಲ್ಲದ್ದರಿಂದ ತಮ್ಮ ಅದನ್ನು ಹಾಗೇ ಬಿಟ್ಟು ಇಳಿದ. ಕೆಳಗೆ ಕೈಹಾಕಿ ಸಿಕ್ಕಷ್ಟು ಬಳ್ಳಿ ಕಿತ್ತುಹಾಕಿದ. ಕಣ್ಣು, ಮೂಗಿಗೆಲ್ಲ ಹುರುಳಿ ಧೂಳು ತುಂಬಿಕೊಂಡು, ಸೀನುತ್ತಾ, ಮುಖ ತೊಳೆಯಲು ಹೊಲದ ಪಂಪ್‌ಸೆಟ್ಟಿನ ಕಡೆ ಓಡಿದ. ನಾನೂ ಬಿಸಿ ತಾಳಲಾರದೆ ಡಬ್ಬಿ ಹಿಡಿದು ಬರಿಗಾಲಿನಲ್ಲಿ ಇಳಿದೆ. ಚಪ್ಪಲಿ ಸೀಟಿನ ಕೆಳಗೆ ಎಲ್ಲೋ ಇತ್ತು.

ಆಗ ಹೊಗೆ ಕಾಣಿಸಿತು. ಕಾಯ್ದ ಸೈಲೆನ್ಸರಿಗೆ ಒಣ ಹುರುಳಿ ತಾಗಿ, ಕಾರಿನ ಕೆಳಗೆ ಅಂಗೈಯಷ್ಟು ಬೆಂಕಿ ಎದ್ದಿತು.

"ಅಯ್ಯೋ, ಗಾಡಿ ತೆಗೀರಪ್ಪೋ! ಊರ್ ಬೆಳೆಯೆಲ್ಲ ಇಲ್ಲೇ ಅದೆ!" ಎಂದು ಮುದುಕ ಬಾಯಿ ಬಡಿದುಕೊಂಡ.

ಇವರು ಮುಂದಿನ ಸೀಟಿನಲ್ಲೇ ಇದ್ದರು. ಇಳಿಯಿರಿ ಎಂದು ಕೂಗಬೇಕೆನ್ನುವಷ್ಟರಲ್ಲಿ ಅವರು ಒಮ್ಮೆ ಪಂಪ್‌ಸೆಟ್ಟಿನ ಕಡೆ ನೋಡಿದರು. ತಮ್ಮ ದೂರದಲ್ಲಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದ. ಇನ್ನೊಮ್ಮೆ ರಸ್ತೆಯ ಮೇಲಿನ ಹುರುಳಿ ನೋಡಿದರು. ಆಮೇಲೆ ಸೀಟಿನ ಮೇಲೇ ಸರಿದು ಸ್ಟೀರಿಂಗ್ ಹಿಂದೆ ಬಂದರು. ಗೇರು ಬಿದ್ದ ಸದ್ದು ಕೇಳಿತು. ಮುದುಕ ತೆರೆದಿದ್ದ ಹಿಂದಿನ ಬಾಗಿಲನ್ನು ದಢಾರೆಂದು ಮುಚ್ಚಿ, ಬಸ್ಸಿಗೆ ಹೊಡೆದ ಹಾಗೆ ಡಿಕ್ಕಿಯ ಮೇಲೆ ಎರಡು ಸಲ ಗುದ್ದಿ, "ರೈಟ್ ರೈಟ್!" ಎಂದು ಕೂಗಿದ.

ಕಾರು ಹೊರಟಿತು. ಉರಿಯುವ ಬಳ್ಳಿಯನ್ನು ಎಳೆದುಕೊಂಡು ಹುರುಳಿ ಹಾಸಿನಿಂದ ಬರೀ ಟಾರಿಗೆ ಬಂತು. ಅಲ್ಲಿ ಉರಿ ಕಳಚಿಬಿತ್ತು. ಜನ ಓಡಿಹೋಗಿ ಗೋಣಿಚೀಲದಿಂದ ಬಡಿದು ಆರಿಸಿದರು. ಒಂದು ಹಿಡಿ ಹುರುಳಿಯೂ ಸುಡಲಿಲ್ಲ. ನಾನು ಕಾರು ಈಗ ನಿಲ್ಲುತ್ತದೆ, ಆಗ ನಿಲ್ಲುತ್ತದೆ ಎಂದು ನೋಡುತ್ತಲೇ ಇದ್ದೆ. ಅದು ತಿರುವಿನಲ್ಲಿ ಮಾಯವಾಯಿತು.

ತಮ್ಮ ಒದ್ದೆ ತಲೆಯಲ್ಲಿ ಓಡಿಬಂದ. "ಭಾವ ಎಲ್ಲೇ?"

"ಹೋದ್ರು."

"ಹೋದ್ರಾ? ಓಡಿಸ್ಕೊಂಡಾ?" ಎಂದವನೇ ನಡುರಸ್ತೆಯಲ್ಲಿ ಕುಣಿಯತೊಡಗಿದ. ನನಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ವರ್ಷದಿಂದ ಸ್ಟೀರಿಂಗ್ ಮುಟ್ಟದ ಮನುಷ್ಯ, ಒಬ್ಬರೇ, ಹೊಗೆಯಾಡುವ ಕಾರಿನಲ್ಲಿ ಹೋಗಿದ್ದಾರೆ. ಎದುರಿಗೆ ಒಂದು ಲಾರಿ ಬಂದರೆ?

ಬೇವಿನ ಮರದ ಕೆಳಗೆ ಕೂತೆವು. ಮುದುಕನ ಹೆಂಡತಿ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ಗಂಡ ಬುಟ್ಟೋದ್ನಾ ತಾಯಿ?"

"ಬಿಟ್ಟೋದ್ರು ಕಣಜ್ಜಿ."

"ಬುಡು, ಹೊಟ್ಟೆ ಹಸುದ್ರೆ ಬತ್ತಾನೆ," ಎಂದು ನನ್ನ ಕೈಗೊಂದು ಮೊರ ಕೊಟ್ಟಳು. ಸುಮ್ಮನೆ ಕೂತಿರಲಾರದೆ ನಾನು ಹುರುಳಿ ಕೇರಿದೆ. ಹಿಂದಿನಿಂದ ಬಂದ ರೇಸಿನ ಕಾರುಗಳು ಒಂದೊಂದಾಗಿ ಹುರುಳಿ ತುಳಿದು ಹೋದವು. ಎಲ್ಲರೂ ನಮ್ಮನ್ನು ಹತ್ತಿಸಿಕೊಳ್ಳುತ್ತೇವೆಂದರು. ಇವರು ವಾಪಸು ಬಂದರೆ ನಾವಿಲ್ಲದೆ ಗಾಬರಿಯಾದಾರೆಂದು ನಾನು ಹೋಗಲಿಲ್ಲ. ಕುಣಿಗಲ್ ಕಡೆಯಿಂದ ಒಂದು ಲಾರಿ ಬಂತು. ತಮ್ಮ ಕೈ ಅಡ್ಡ ಹಾಕಿ ಕೇಳಿದ. ಕಪ್ಪು ಕಾರು ಯಾವುದೂ ಕಾಣಲಿಲ್ಲವಲ್ಲ ಎಂದ ಡ್ರೈವರು. ನನ್ನ ಕೈಲಿದ್ದ ಮೊರ ಜಾರಿ ಕಾಳೆಲ್ಲ ಮಣ್ಣುಪಾಲಾಯಿತು. ಹಳ್ಳ, ಕೆರೆ ಏರಿ, ಹುಣಸೆ ಮರ, ಆ ದಾರಿಯಲ್ಲಿ ಗುದ್ದಲು, ಬೀಳಲು ಏನೇನಿದೆಯೋ ಎಲ್ಲ ಕಣ್ಣಮುಂದೆ ಬಂದು ನಿಂತವು. ರೇಸೂ ಬೇಡ, ಓಡಿಸುವುದೂ ಬೇಡ, ಮನುಷ್ಯ ಸೈಕಲ್ ಮೇಲೇ ಇರಲಿ ಎಂದು ಮನೆದೇವರಿಗೆ ಹೇಳಿಕೊಂಡೆ.

ಅದಾದ ಮೇಲೆ ಕುಣಿಗಲ್ ಬಸ್ಸು ಬಂತು. ಕಂಡಕ್ಟರು ನಮ್ಮ ಪ್ರಶ್ನೆ ಮುಗಿಯುವ ಮೊದಲೇ ನಗತೊಡಗಿದ.

"ಕಪ್ಪು ಕಾರಾ? ಹಿಂದ್ಗಡೆ ಹುರುಳಿ ಬಾಲ ಕಟ್ಕೊಂಡಿತ್ತಲ್ಲ, ಅದಾ? ಕುಣಿಗಲ್ ಬಸ್ ಸ್ಟ್ಯಾಂಡ್ ಮುಂದೆ ಸಿಕ್ತು ಕಣಮ್ಮ. ಆಯಪ್ಪ ಒಬ್ನೇ ಕೈ ತಿರುಗಿಸ್ಕೊಂಡು ಮಾತಾಡ್ತಾ ಹೋಯ್ತಿದ್ದ!"

ಒಬ್ಬರೇ ಮಾತಾಡುತ್ತಾ! ನನಗೆ ಆ ಕಂಡಕ್ಟರಿಗೆ ಅಡ್ಡಬೀಳಬೇಕೆನ್ನಿಸಿತು. ಉಸಿರು ಬಿಟ್ಟೆ ನೋಡಿ, ಬೆಳಗಿನಿಂದ ಹಿಡಿದಿಟ್ಟದ್ದಲ್ಲ, ಇಡೀ ವರ್ಷದ್ದು. ಡಬ್ಬಿ ತೆರೆದು ಉಳಿದ ಪುಳಿಯೋಗರೆಯನ್ನು ಅಜ್ಜಿಗೂ ಮುದುಕನಿಗೂ ಬಡಿಸಿ, ನಾನೂ ಗಬಗಬ ತಿಂದೆ.

ಹೊತ್ತು ಇಳಿಯುವಾಗ ಅವರು ಸಿ.ಎಸ್. ಪುರದ ಕಡೆಯಿಂದ ಬಂದರು, ಇನ್ನೊಂದು ಸುತ್ತು ಅರ್ಧ ಹಾಕಿಕೊಂಡು. ಮುಖದಲ್ಲಿ ಮಸಿ, ತಲೆತುಂಬ ಹೊಟ್ಟು. ಇಳಿದು ಬಂದು ಹೇಳಿದರು:

"ಬಾಗಿಲು ಹಾಕಿದ ಸದ್ದು ಕೇಳಿಸ್ತು, ರೈಟ್ ಅಂದ್ರು. ಆ ಗಾಬರೀಲಿ ನೀವಿಬ್ರೂ ಓಡಿಬಂದು ಹತ್ತಿದ್ರಿ ಅಂದ್ಕೊಂಡೆ ಕಣೇ. ತುಮಕೂರಿನವರೆಗೂ ನಿನ್ ಜೊತೆ ಮಾತಾಡ್ತಾನೇ ಇದ್ದೆ. ನೀನು ಹೂಂ ಅನ್ಲಿಲ್ಲ. ಹೆದ್ರಿಕೊಂಡು ಕಣ್ಮುಚ್ಕೊಂಡಿದೀಯ ಅಂದ್ಕೊಂಡೆ. ಅಲ್ಲಿ, 'ಇನ್ನಿಬ್ರೆಲ್ಲಿ ಮೇಷ್ಟ್ರೇ?' ಅಂದ್ರು. ತಿರುಗಿ ನೋಡಿದ್ರೆ ನಿನ್ನ ಚಪ್ಪಲಿ ಮಾತ್ರ ಇತ್ತು."

ರೇಸಿನಿಂದ ನಮ್ಮನ್ನು ಅಲ್ಲೇ ಹೊರಗೆ ಹಾಕಿದ್ದರು. ಹಂಡೆ ಹಾರನ್ನಿನ ನೀಲಿ ಕಾರಿನವರ ಪಾಲಾಯಿತು. ಮುದುಕ ಇವರ ಬೆನ್ನು ತಟ್ಟಿ, ನನ್ನ ಸೆರಗಿಗೆ ಎರಡು ಸೇರು ಹುರುಳಿ ಸುರಿದು ಕಳಿಸಿದ. ತಮ್ಮ ಡ್ರೈವರ್ ಸೀಟಿನ ಕಡೆ ಹೋದರೆ, "ಹಿಂದೆ ಕೂತ್ಕೊಳ್ಳಯ್ಯ," ಎಂದರು ಇವರು. ನಾನು ಮುಂದೆ ಕೂತೆ.

ಕಾರು ಹೊರಟದ್ದೇ ತಡ, ನಾನು ಶುರುಮಾಡಿದೆ. ಕಟ್ಟಿಕೊಂಡ ಹೆಂಡತಿ ಹತ್ತಿದಳೋ ಇಲ್ಲವೋ ನೋಡದ ಇವರು ಮಕ್ಕಳಿಗೆ ಅದೇನು ಫಿಸಿಕ್ಸ್ ಹೇಳಿಕೊಡುತ್ತಾರೆ ಎಂದೆ. ನನ್ನ ಬರಿಗಾಲು ತೋರಿಸಿ ಬೈದೆ, ಲಾರಿಯವನ ಮಾತು ಹೇಳಿ ಬೈದೆ, ಅವರ ಅಪ್ಪನನ್ನೂ ಅಪ್ಪನ ಕಾರನ್ನೂ ಸೇರಿಸಿ ಬೈದೆ. ಕುಣಿಗಲ್ ಹತ್ತಿರ ಬಂದಾಗ ನನಗೇ ಹೊಳೆಯಿತು. ಆ ಲಾರಿ ಗುದ್ದಿದಂದಿನಿಂದ ಈ ಮನುಷ್ಯನಿಗೆ ನಾನು ಒಂದು ಜೋರು ಮಾತು ಆಡಿರಲಿಲ್ಲ. ಎಲ್ಲಿ ಒಡೆದುಹೋಗುತ್ತಾರೋ ಎಂದು ಪಿಂಗಾಣಿ ಬಟ್ಟಲಿನ ಹಾಗೆ ಎತ್ತಿಡುತ್ತಿದ್ದೆ. ಮಾತು ನಿಂತುಹೋಯಿತು. ಕಿಟಕಿಯ ಕಡೆ ತಿರುಗಿ, ಸೆರಗಿನಲ್ಲಿ ಹುರುಳಿ ಇದ್ದದ್ದರಿಂದ ಬರಿಗೈಯಲ್ಲೇ ಕಣ್ಣೊರೆಸಿಕೊಂಡೆ.

"ಯಾಕೆ ನಿಲ್ಲಿಸ್ಬಿಟ್ಟೆ? ಬೈಯೇ, ಚೆನ್ನಾಗಿತ್ತು," ಎಂದು ಇವರು ನನ್ನ ಕಡೆ ತಿರುಗಿದರು.

"ಮುಂದೆ ನೋಡ್ಕೊಂಡು ಓಡಿಸ್ರೀ," ಎಂದೆ.