ಗಿಣ್ಣದ ಬಟ್ಟಲು

ನಿಮಗೆ ಗಿಣ್ಣ ಇಷ್ಟವೆ? ನನಗೂ ಪ್ರಾಣ. ಆದರೆ ಇನ್ನು ಮೇಲೆ ಅದು ಗಂಟಲಲ್ಲಿ ಇಳಿಯುವುದು ಕಷ್ಟ.

ಕಳೆದ ಶುಕ್ರವಾರ ನಮ್ಮ ವಾಡೆಯ (ಪುಣೆಯಲ್ಲಿ ವಠಾರಕ್ಕೆ ಹಾಗೆನ್ನುತ್ತಾರೆ) ಸರಸಕ್ಕನ ಹಸು ಚಂದ್ರಿ ಕರು ಹಾಕಿತು. ಸರಸಕ್ಕ ವಿಧವೆ. ಚಂದ್ರಿಯ ಹಾಲು ಮಾರಿಯೇ ಅವರ ಒಲೆ ಉರಿಯಬೇಕು.

ಈ ಮಹಾಯುದ್ಧ ಶುರುವಾದ ಮೇಲೆ ಪುಣೆಯಲ್ಲಿ ಹಿಂಡಿ ಸಿಗುವುದೇ ಅಪರೂಪ. ಹಸು ಹಾಲು ನಿಲ್ಲಿಸಿದ ಮೇಲಂತೂ ವಾಡೆಯವರದೆಲ್ಲ ಒಂದೇ ಉಪದೇಶ: "ಹಾಲು ಕೊಡದಾಕಿಗೆ ಹಿಂಡಿ ಯಾಕ್ರಿ? ಹುಲ್ಲು ಸಾಕು." ಸರಸಕ್ಕ ಹಿಂಡಿ ನಿಲ್ಲಿಸಿದರು. ಹೊಟ್ಟೆಯಲ್ಲಿ ಕರು ಬೆಳೆಯುತ್ತಿದ್ದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. (ಬಸುರಿ ಸೊಸೆಯರ ವಿಷಯದಲ್ಲೂ ನಮ್ಮ ಲೆಕ್ಕ ಹೀಗೆಯೇ, ಬಿಡಿ.)

ಹಸು ಈದ ದಿನ ಮನೆಮನೆಗೂ ಗಿಣ್ಣದ ಹಾಲು ಹಂಚುವುದು ಧಾರವಾಡ ಕಡೆಯವರಾದ ನಮ್ಮ ಪದ್ಧತಿ. "ನಮ್ಮನಿ ಮರೀಬ್ಯಾಡ್ರಿ ಸರಸಕ್ಕಾ" ಎಂದು ಎಲ್ಲರೂ ಮೊದಲೇ ಹೇಳಿಟ್ಟಿದ್ದರು. ಇಲ್ಲವೆನ್ನಲು ಸರಸಕ್ಕನಿಗೆ ಸಂಕೋಚ. ಕರುವಿಗೆ ಎರಡು ಗುಟುಕು ಬಿಟ್ಟು, ಕೆಚ್ಚಲು ಬರಿದಾಗುವವರೆಗೆ ಹಿಂಡಿದರು. ತಮ್ಮ ಹಿತ್ತಾಳೆ ಬಟ್ಟಲುಗಳಲ್ಲಿ ಹಾಲು ಕಳಿಸಿದರು. ವಾಡೆ ತುಂಬ ಏಲಕ್ಕಿಯ ಘಮ. ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.

ಮರುದಿನ ಚಂದ್ರಿ ಏಳಲಿಲ್ಲ. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿತ್ತು. ಕಿವಿ ಮುಟ್ಟಿದರೆ ತಣ್ಣಗೆ.

"ದೃಷ್ಟಿ ಆಗೇದ" ಎಂದಳು ನನ್ನ ಹೆಂಡತಿ. ಉಪ್ಪು ಮೆಣಸಿನಕಾಯಿ ಇಳಿದೆಗೆದದ್ದಾಯಿತು. ಹಸು ಹಾಗೆಯೇ ಇತ್ತು. ಆಮೇಲೆ ನಾನು ಸೈಕಲ್ ಹತ್ತಿ ದನದ ಡಾಕ್ಟರನ್ನು ಕರೆತರುವಷ್ಟರಲ್ಲಿ ಮಧ್ಯಾಹ್ನ. ಪುಣ್ಯಕ್ಕೆ ಅವರೂ ನಮ್ಮ ಕಡೆಯವರೇ. ಇಂಜೆಕ್ಷನ್ ಕೊಟ್ಟು ತಲೆಯಾಡಿಸಿದರು.

"ಭಾಳ ತಡಾ ಮಾಡೀರಿ. ಮೈಯಾಗಿನ ಸುಣ್ಣದ ಅಂಶ ಎಲ್ಲಾ ಹಾಲಿನ ಜೋಡಿ ಹೋಗೇದ. ಮೊದಲನೇ ದಿನ ಪೂರಾ ಹಿಂಡಬಾರದ್ರಿ. ಯಾಕ ಹಿಂಡಿದ್ರಿ?"

ಸರಸಕ್ಕ ನಮ್ಮೆಲ್ಲರ ಮುಖ ನೋಡಿದರು. "ಎಲ್ಲಾರೂ ಕೇಳಿದ್ರು, ಕೊಟ್ಟೆರಿ" ಎಂದರು ಅಷ್ಟೆ.

ಸಂಜೆಗೆ ಚಂದ್ರಿ ಸತ್ತಿತು. ಕರು ಅದರ ಕೆಚ್ಚಲಿಗೆ ಮೂತಿ ಉಜ್ಜುತ್ತಲೇ ಇತ್ತು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಇಂದು ಬೆಳಿಗ್ಗೆ ಹೆಂಡತಿ ಸರಸಕ್ಕನ ಬಟ್ಟಲು ತೊಳೆದು, ತಳಕ್ಕೆ ಸಕ್ಕರೆ ಹಾಕಿದಳು. ಅದೂ ರೇಶನ್ ಸಕ್ಕರೆ. "ಬಟ್ಟಲಾ ಖಾಲಿ ವಾಪಸ್ ಕೊಡಬಾರದ್ರಿ" ಎಂದಳು.

ಬಟ್ಟಲಿಗಿರುವ ಈ ಮರ್ಯಾದೆ ಹಸುವಿಗೆ ಯಾಕಿಲ್ಲ?