ಸದಾನಂದಣ್ಣನ ವಿಡಿಯೊದಲ್ಲಿ ಹನ್ನೊಂದು ಕಪ್ಪು ಫ್ರೇಮು

ಎಕ್ಸ್‌ಪೋರ್ಟ್ ಆದ ವಿಡಿಯೊ ಪ್ಲೇ ಮಾಡಿದೆ. ಸದಾನಂದಣ್ಣನ ಮುಖ ಚಕ್ಕನೆ ಕಪ್ಪಾಗಿ ಮತ್ತೆ ಬಂತು.

ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಆದರೆ ನಾಲ್ಕು ನಿಮಿಷದಲ್ಲಿ ಹಾಗೆ ಹನ್ನೊಂದು ಸಲ ಆಯಿತು.

ಮದುವೆ ವಿಡಿಯೊ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇದು ಮರುದಿನ, ಭಾನುವಾರ, ಉಡುಪಿ ಹತ್ತಿರದ ಒಂದು ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ಬರಬೇಕಿತ್ತು. ಸದಾನಂದಣ್ಣನ ಅಕ್ಕ ಗಿರಿಜಕ್ಕನ ಉತ್ತರಕ್ರಿಯೆ, ಅದರ ನುಡಿನಮನಕ್ಕೆ.

ಸದಾನಂದಣ್ಣ ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ಒಂದು ವರ್ಕ್‌ಶಾಪ್‌ನಲ್ಲಿ ವೆಲ್ಡರ್. ನನ್ನ ಭಾವ ಅಲ್ಲೇ ಎಂಜಿನಿಯರ್. ಸದಾನಂದಣ್ಣ ಅಲ್ಲಿಗೆ ಹೊಸದಾಗಿ ಸೇರಿದವರು. ಹಳೇ ವೀಸಾ ಕ್ಯಾನ್ಸಲ್ ಆಗಿತ್ತು, ಹೊಸದು ಬಂದಿರಲಿಲ್ಲ. ಈಗ ಊರಿಗೆ ಹೋದರೆ ಈ ಕೆಲಸವನ್ನು ಮರೆಯಬೇಕು.

ಬೀಡಿ ಕಟ್ಟಿ ತನ್ನನ್ನು ಸಾಕಿದ ಅಕ್ಕನಿಗೆ ಅವರು ಸಲ್ಲಿಸಬಹುದಾಗಿದ್ದು ಈ ವಿಡಿಯೊ ಒಂದೇ.

ಅದನ್ನು ಮಾಡಿಕೊಡುವ ಕೆಲಸ ನನಗೆ ಬಂತು. ನಾನು ಓದಿದ್ದು ಕನ್ನಡ ಎಂ.ಎ., ಅಬುಧಾಬಿಗೆ ಬಂದ ಮೇಲೆ ಒಂದು ಸಣ್ಣ ಸ್ಟುಡಿಯೊದಲ್ಲಿ ಎಡಿಟಿಂಗ್ ಕಲಿತೆ.

ಹಿಂದಿನ ಭಾನುವಾರ ಸದಾನಂದಣ್ಣ ಹಮ್ದಾನ್ ಸ್ಟ್ರೀಟಿನಲ್ಲಿ ನಾನು ಅಕ್ಕ-ಭಾವನ ಜೊತೆ ಇರುವ ಫ್ಲ್ಯಾಟಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕರ್ಟನ್ ಮುಂದೆ ಕುರ್ಚಿ ಹಾಕಿ, ನನ್ನ ಫೋನಿನಲ್ಲೇ ಶೂಟ್ ಮಾಡಿದೆ.

"ಎಂತ ಹೇಳುದು ಅಂತ ಗೊತ್ತಾಗುದಿಲ್ಲ ಮಾರಾಯ್ತಿ. ನೀನು ಓದಿದವಳು, ಸ್ವಲ್ಪ ಬರೆದುಕೊಡು" ಎಂದಿದ್ದರು.

ಬರೆದುಕೊಟ್ಟೆ. "ತಾಯಿಯಂತೆ ಪೊರೆದ ತ್ಯಾಗಮಯಿ", "ಎಲೆಗಳೊಳಗೆ ತನ್ನ ಯೌವನವನ್ನೇ ಸುತ್ತಿಟ್ಟವಳು"... ಬರೆಯುವಾಗ ನನಗೇ ಕಣ್ಣು ತುಂಬಿತ್ತು.

ಅವರು ಹಾಳೆ ಹಿಡಿದು ಓದಿದರು. ನಡುನಡುವೆ ನಿಂತುಬಿಡುತ್ತಿದ್ದರು. ಫೋನನ್ನೂ ನೋಡದೆ, ನಮ್ಮನ್ನೂ ನೋಡದೆ ಸುಮ್ಮನೆ ಕೂರುವುದು, ಆಮೇಲೆ "ಹ್ಞೂಂ" ಎಂದು ಮತ್ತೆ ಓದುವುದು.

ಒಟ್ಟು ಒಂಬತ್ತು ನಿಮಿಷ ಆಯಿತು. ಊರಿನಿಂದ ಗಿರಿಜಕ್ಕನ ಮಗ ಪ್ರಜ್ವಲ್ ನಾಲ್ಕು ನಿಮಿಷ ಮೀರಬಾರದು ಎಂದಿದ್ದ, ಊಟಕ್ಕೆ ತಡವಾಗುತ್ತದಂತೆ.

ಹಾಗಾಗಿ ಮೌನಗಳನ್ನೂ ಆ "ಹ್ಞೂಂ"ಗಳನ್ನೂ ಕತ್ತರಿಸಿದೆ. ಸ್ಟುಡಿಯೊದಲ್ಲಿ ದಿನಾ ಮಾಡುವ ಕೆಲಸ ಅದು, ಕೈ ತಾನಾಗಿ ಮಾಡುತ್ತದೆ.

ಈಗ ಈ ಕಪ್ಪು.

ಫಾರ್ಮ್ಯಾಟ್ ಬದಲಿಸಿ ಎಕ್ಸ್‌ಪೋರ್ಟ್ ಮಾಡಿದೆ. ಸಾಫ್ಟ್‌ವೇರಿನ ತಾತ್ಕಾಲಿಕ ಫೈಲುಗಳನ್ನು ಅಳಿಸಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬರೀ ಪ್ರೊಸೆಸರ್‌ನಲ್ಲೇ ರೆಂಡರ್ ಮಾಡಿ ಮುಕ್ಕಾಲು ಗಂಟೆ ಕಾದೆ. ಪ್ರತಿ ಸಲವೂ ಹನ್ನೊಂದು.

"ಕನ್ನಡ ಎಂ.ಎ. ಮಾಡಿದಾಕಿ ಕಪ್ಪು ಚುಕ್ಕಿ ಎಣಿಸ್ಕೋತ ಕುಂತಾಳ ನೋಡು" ಎಂದು ನನ್ನ ಅಕ್ಕ ಭಾವನಿಗೆ ಹೇಳಿದಳು. "ಏಳ, ಮೊದಲ ಒಂದ್ ತುತ್ತು ತಿನ್ನು."

ತಟ್ಟೆ ಪಕ್ಕದಲ್ಲಿಟ್ಟುಕೊಂಡೇ, ತುಣುಕುಗಳನ್ನು ಸಾಲಾಗಿ ಜೋಡಿಸಿದ ಟೈಮ್‌ಲೈನನ್ನು ಪೂರ್ತಿ ಜೂಮ್ ಮಾಡಿದೆ. ಆಗ ಕಂಡಿತು. ಎರಡು ತುಣುಕುಗಳ ನಡುವೆ ಕೂದಲೆಳೆಯಷ್ಟು ಖಾಲಿ ಜಾಗ, ಒಂದೇ ಒಂದು ಫ್ರೇಮಿನದು. ಕತ್ತರಿಸಿದ ಮೇಲೆ ತುಣುಕುಗಳನ್ನು ಕೈಯಲ್ಲೇ ಎಳೆದು ಕೂಡಿಸಿದ್ದೆ, ಸರಿಯಾಗಿ ಕೂಡಿರಲಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಪ್ರಿವ್ಯೂ ಹೇಗೂ ತಡವರಿಸುತ್ತಲೇ ಓಡುತ್ತದೆ, ಹಾಗಾಗಿ ಗೊತ್ತಾಗಿರಲಿಲ್ಲ.

ಅವರು ಸುಮ್ಮನಾದ ಹನ್ನೊಂದು ಕಡೆಯೂ ಒಂದೊಂದು ಕಪ್ಪು ಫ್ರೇಮು ಉಳಿದಿತ್ತು.

ಎಲ್ಲ ಗ್ಯಾಪ್ ಮುಚ್ಚಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ. ಒಂದೂ ಕಪ್ಪಿಲ್ಲ. ನಿಟ್ಟುಸಿರು ಬಿಟ್ಟು ಸದಾನಂದಣ್ಣನಿಗೆ ಕಳಿಸಿದೆ.

ಟೀ ಬ್ರೇಕಿನಲ್ಲಿ ಅವರ ಫೋನ್ ಬಂತು. ಹಿಂದೆ ಗ್ರೈಂಡರ್ ಸದ್ದು.

"ಚಂದ ಆಗಿದೆ ಮಗಾ. ಆದ್ರೆ ನಾನು ಹ್ಞೂಂ ಹೇಳಿದ್ದೆಲ್ಲ ಎಲ್ಲಿ ಹೋಯ್ತು?"

"ಗಂಟಲಾ ಸರಿ ಮಾಡ್ಕೊಂಡ್ರಿ ಅನ್ಕೊಂಡೆ, ಅಣ್ಣಾ. ತಗದೆ."



"ಹಾಗಲ್ಲ ಮಾರಾಯ್ತಿ. ಭಾನುವಾರ ಫೋನ್ ಮಾಡಿದ್ರೆ ನಾವು ಮಾತಾಡುದು ಕಮ್ಮಿ. ಅವಳು ಅಲ್ಲಿ ಬೀಡಿ ಕಟ್ತಾ ಇರುದು, ನಾನು ಇಲ್ಲಿ ರೂಮಲ್ಲಿ ಬಟ್ಟೆ ಮಡಚುದು. ಫೋನ್ ಸ್ಪೀಕರಲ್ಲಿ ಸುಮ್ಮನೆ ಇರ್ತದೆ. ನಡುವಲ್ಲಿ ಒಮ್ಮೆ 'ಇದ್ದೀಯಾ?' ಕೇಳ್ತಾಳೆ. ನಾನು ಹ್ಞೂಂ ಹೇಳುದು. ಅಷ್ಟೇ ನಮ್ಮದು."

 

ಹಾಗಾದರೆ ನಾಲ್ಕು ನಿಮಿಷಕ್ಕೆ ಇಳಿಸಲು ಏನು ತೆಗೆಯಲಿ ಎಂದು ಕೇಳಿದೆ.

"ಓದಿದ್ದು ತೆಗಿ. ಬೇಜಾರು ಮಾಡ್ಬೇಡ, ಅದು ಚಂದ ಉಂಟು. ಆದ್ರೆ ನಮ್ಮಕ್ಕನಿಗೆ ಅಷ್ಟೆಲ್ಲ ಕನ್ನಡ ಅರ್ಥ ಆಗುದಿಲ್ಲ."

ಸಂಜೆ ಕೂತು ನನ್ನ ವಾಕ್ಯಗಳನ್ನು ಒಂದೊಂದಾಗಿ ಅಳಿಸಿದೆ. ತ್ಯಾಗಮಯಿ ಹೋಯಿತು. ಯೌವನ ಹೋಯಿತು. ಶುರುವಿನಲ್ಲಿ, ಹಾಳೆ ಬಿಡಿಸುವ ಮೊದಲು ಅವರೇ ಆಡಿದ್ದ ಒಂದು ಮಾತು ಉಳಿಯಿತು: "ಅಕ್ಕ, ಬರ್ಲಿಕ್ಕೆ ಆಗ್ಲಿಲ್ಲ." ಆಮೇಲೆ ನಾಲ್ಕು ನಿಮಿಷಕ್ಕೆ ಹಿಡಿಯುವಷ್ಟು ಆ ಮೌನಗಳು, ಒಂದೊಂದರ ಕೊನೆಗೂ ಅವರ "ಹ್ಞೂಂ".

ಈ ಸಲ ತುಣುಕುಗಳನ್ನು ಕೂಡಿಸಿದ ಕಡೆಯಲ್ಲೆಲ್ಲ ಜೂಮ್ ಮಾಡಿ ನೋಡಿದೆ. ಎಲ್ಲಿಯೂ ಖಾಲಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಪ್ರಜ್ವಲ್ ತನ್ನ ಮಾವನಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಸದಾನಂದಣ್ಣ ನನಗೆ ಫಾರ್ವರ್ಡ್ ಮಾಡಿದರು. ತಮ್ಮದಾಗಿ ಏನೂ ಬರೆದಿರಲಿಲ್ಲ.

ಮೊದಲ ಮೌನ ಬಂದಾಗ ಹಾಲ್‌ನಲ್ಲಿ ಎಲ್ಲರೂ ವಿಡಿಯೊ ನಿಂತುಹೋಯಿತು ಅಂದುಕೊಂಡರಂತೆ. ಯಾರೋ ಲ್ಯಾಪ್‌ಟಾಪ್ ನೋಡಲು ಎದ್ದರಂತೆ.

ಗಿರಿಜಕ್ಕನ ಜೊತೆ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಆ ಭಾನುವಾರದ ಫೋನುಗಳನ್ನೂ ಕೇಳುತ್ತಿದ್ದ ಪಕ್ಕದ ಮನೆಯ ಲೀಲಕ್ಕ ಕುರ್ಚಿಯಿಂದಲೇ ಹೇಳಿದರಂತೆ:

"ಕೂತ್ಕೊಳ್ಳಿ. ಅವ ಲೈನಲ್ಲೇ ಇದ್ದಾನೆ."

ನೀವೂ ಯಾರ ಜೊತೆಗಾದರೂ ಹೀಗೆ ಏನೂ ಮಾತಾಡದೆ, ಫೋನ್ ಇಡದೆ ಕೂತದ್ದುಂಟೆ?