ಗೇಟಿನಲ್ಲಿ ನಿಲ್ಲಿಸಿದ ಸಿಸ್ಟರ್

ಹೊಸ ಕೋರಾ ಬಟ್ಟೆಯ ಬಂಡಲ್ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನನಗೆ ಅನ್ನದ ವಾಸನೆಯಷ್ಟೇ ಹಳೆಯದು. ಮೊನ್ನೆ ಶಿವಮೊಗ್ಗದ ಗೋಪಾಳದಲ್ಲಿರುವ ನನ್ನ ಹೊಲಿಗೆ ಶೆಡ್ಡಿನಲ್ಲಿ ಆ ವಾಸನೆಯ ನಡುವೆ, ಕತ್ತರಿಸುವ ಮೇಜಿನ ಕೆಳಗೆ ಕೆಂಪು, ಹಳದಿ, ಹಸಿರು ಚಿಂದಿಗಳ ಗುಡ್ಡೆ ಬಿದ್ದಿತ್ತು. ಆಸ್ಪತ್ರೆಯೊಂದರ ಪರದೆ ಹೊಲಿದು ಉಳಿದದ್ದು. ಗುಡಿಸಲು ಬಂದವಳಿಗೆ "ತಡಿಯಮ್ಮ" ಅಂದೆ. ಯಾಕೆ ಅಂದೆನೋ, ನನಗೇ ಒಂದು ಕ್ಷಣ ಹೊಳೆಯಲಿಲ್ಲ... ಆಮೇಲೆ ಭದ್ರಾವತಿಯ ಆ ಸಿಸ್ಟರ್ ನೆನಪಾದರು.

ಆಗ ನನಗೆ ಶೆಡ್ಡೂ ಇರಲಿಲ್ಲ, ಕೆಲಸದವರೂ ಇರಲಿಲ್ಲ. ಬೈಕಿನ ಹಿಂದೆ ಬೆಡ್‌ಶೀಟುಗಳ ಗಂಟು ಕಟ್ಟಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ನರ್ಸಿಂಗ್ ಹೋಮುಗಳ ಬಾಗಿಲು ತಟ್ಟುತ್ತಿದ್ದೆ. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ: ಚೆಕ್ ಬರೆಯುವವರ ಹತ್ತಿರ ಆಮೇಲೆ ಹೋಗಿ, ಸರಕು ಬಳಸುವವರ ಹತ್ತಿರ ಮೊದಲು ಕೂತು ಮಾತಾಡಿ. ಹಾಗೆ ಕೂತು ಮಾತಾಡಿದ್ದರಿಂದಲೇ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯ ಈ ಹಿರಿಯ ನರ್ಸ್ ನನಗೆ ಪರಿಚಯವಾದದ್ದು. ಕಾಗದನಗರದ ಕ್ವಾರ್ಟರ್ಸಿನವರು. ಮಾತಿನಲ್ಲಿ ನನ್ನನ್ನು ಮೀರಿಸಿದವರು ಕಡಿಮೆ, ಅವರಲ್ಲಿ ಇವರೊಬ್ಬರು.

"ಬೆಡ್‌ಶೀಟ್ ಸಾಹುಕಾರ್ರೇ, ಹೊಲಿದು ಉಳಿದ ಬಣ್ಣದ ಚಿಂದಿ ಇರುತ್ತಲ್ಲ, ಅದನ್ನೂ ತಂದ್ಕೊಡಿ" ಅಂದರು ಒಂದು ದಿನ.

"ಅದಕ್ಕೂ ಗಿರಾಕಿ ಇದ್ದಾರೆ ಸಿಸ್ಟರ್. ಗ್ಯಾರೇಜಿನವರು ತಗೊಳ್ತಾರೆ."

"ಚಿಂದಿಗೂ ರೇಟ್ ಹಾಕ್ತೀರಲ್ಲ ಮಾರಾಯ್ರೆ! ನಾಳೆ ನೀವೇ ಬಂದು ಇಲ್ಲಿ ಮಲಗಿದಾಗ ನಾನೂ ರೇಟ್ ಹಾಕ್ಲಾ?"

ಮರುವಾರ ಚಿಂದಿ ತಂದುಕೊಟ್ಟೆ, ಬಿಟ್ಟಿಯಾಗಿ.

ಅದು ಯಾತಕ್ಕೆಂದು ತಿಳಿದದ್ದು ಅವರ ಶನಿವಾರದ ಪಾಠದಲ್ಲಿ. ಮಧ್ಯಾಹ್ನ ಆಸ್ಪತ್ರೆ ತುಸು ಖಾಲಿಯಾದಾಗ ಆಯಾಗಳು, ವಾಚ್‌ಮನ್, ಆಂಬುಲೆನ್ಸ್ ಡ್ರೈವರ್, ಎಲ್ಲರನ್ನೂ ಸೇರಿಸುತ್ತಿದ್ದರು. ಅರ್ಧ ಜನ ಗಾಯಾಳುಗಳಾಗಿ ಮಲಗಬೇಕು, ಉಳಿದವರು ಅವರ ಮಣಿಕಟ್ಟಿಗೆ ಪಟ್ಟಿ ಕಟ್ಟಬೇಕು. ಕೆಂಪು ಅಂದರೆ ಈಗಲೇ ನೋಡಬೇಕಾದವರು, ಹಳದಿ ಸ್ವಲ್ಪ ತಡೆಯಬಲ್ಲವರು, ಹಸಿರು ಕಾಯಬಲ್ಲವರು. ಒಮ್ಮೆ ನನ್ನನ್ನೂ ಬೆಂಚಿನ ಮೇಲೆ ಮಲಗಿಸಿ, "ನಿಮ್ಮ ಕಾಲು ಮುರಿದಿದೆ, ಕೂಗಿ" ಅಂದರು. ನಾನು ಬೀದಿಗೆ ಕೇಳುವಂತೆ ಕೂಗಿದೆ. ಎಲ್ಲರೂ ನನ್ನ ಹತ್ತಿರವೇ ಓಡಿಬಂದರು. ಸಿಸ್ಟರ್ ಅವರನ್ನೆಲ್ಲ ಬೈದರು. "ಇಷ್ಟು ಗಟ್ಟಿ ಗಂಟಲಿರೋರು ಎಲ್ಲಿಗೂ ಹೋಗಲ್ಲ. ಆ ಮೂಲೇಲಿ ಸುಮ್ನೆ ಕೂತಿದ್ದಾಳಲ್ಲ, ಅವಳನ್ನ ಯಾರು ನೋಡಿದ್ರಿ?"

ಆಯಾಗಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಇದೊಂದು ಆಟವೆಂದೇ ನಾನೂ ತಿಳಿದಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ನಾನು ಅಲ್ಲಿ ಮಾಲು ಇಳಿಸುತ್ತಿದ್ದಾಗ, ನಮ್ಮ ಕಡೆಯ ನಿಶ್ಚಿತಾರ್ಥಕ್ಕೆ ಶಿವಮೊಗ್ಗದಿಂದ ಹೊರಟಿದ್ದ ಟೆಂಪೋ ಭದ್ರಾವತಿಯ ಹೊರಗೆ ಮಗುಚಿತು. ಆಟೋಗಳಲ್ಲಿ, ಗೂಡ್ಸ್ ಗಾಡಿಯಲ್ಲಿ ಜನರನ್ನು ಎತ್ತಿಹಾಕಿಕೊಂಡು ಬಂದರು. ರೇಷ್ಮೆ ಸೀರೆಗಳು, ಹೂವು, ರಕ್ತ... ಅವರಲ್ಲಿ ನನ್ನ ತಮ್ಮನೂ ಇದ್ದ. ಅಳುವ ಹೆಂಗಸೊಬ್ಬಳನ್ನು ತಾನೇ ಹಿಡಿದು ಇಳಿಸಿದ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ನನಗೇನಾಗಿಲ್ಲ ಅಣ್ಣ, ಅವರನ್ನ ನೋಡು" ಅಂದು ಮೆಟ್ಟಿಲ ಮೇಲೆ ಕೂತ. ನಮ್ಮ ಜನ ಇಂಥ ಹೊತ್ತಿನಲ್ಲಿ ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಎದುರಿನ ಅಂಗಡಿಯಿಂದ ಒಂದು ಸೋಡಾ ತಂದು ಅವನ ಕೈಗಿಟ್ಟೆ.

ಅದು ಅವನ ತುಟಿಗೆ ತಾಗುವ ಮೊದಲೇ ಸಿಸ್ಟರ್, "ನೋಡೋವರೆಗೂ ಬಾಯಿಗೆ ಏನೂ ಹಾಕ್ಬೇಡಿ" ಅಂತ ಕಿತ್ತುಕೊಂಡರು. ಅವನ ಹಣೆ ಮುಟ್ಟಿದರು, ನಾಡಿ ಹಿಡಿದರು, ಹೊಟ್ಟೆಯ ಎಡಗಡೆ ಬೆರಳಿಟ್ಟರು. ಅವನು ಮುಖ ಕಿವುಚಿದ. ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಿದರು.

"ಸಿಸ್ಟರ್, ಇವನು ನಡ್ಕೊಂಡು ಬಂದಿದ್ದಾನೆ. ಅಲ್ಲಿ ನೋಡಿ, ಅವಳು ಹೆಂಗೆ ಕಿರುಚ್ತಿದ್ದಾಳೆ" ಅಂದೆ.

"ಅವಳ ಕೈ ಮುರಿದಿದೆ, ಕಾಯ್ತಾಳೆ. ಇವರಿಗೆ ಹೊಟ್ಟೆ ಒಳಗೆ ರಕ್ತ ಹೋಗ್ತಿರೋ ಹಾಗಿದೆ. ಚರ್ಚೆ ಬೇಡ."

ಡಾಕ್ಟರೂ ಬಂದು ನೋಡಿ ಅದನ್ನೇ ಹೇಳಿದರು. ಡ್ರಿಪ್ ಹಾಕಿ ಕೂಡಲೇ ಶಿವಮೊಗ್ಗಕ್ಕೆ ಕಳಿಸಬೇಕು, ಆಪರೇಷನ್ ಇಲ್ಲಿ ಆಗುವುದಿಲ್ಲ. ಆಂಬುಲೆನ್ಸ್ ಸಿದ್ಧವಿತ್ತು. ಆದರೆ ಅಷ್ಟರಲ್ಲಿ ಗೇಟು ತುಂಬ ನೆಂಟರು, ನೋಡಲು ಬಂದವರು, ಅಡ್ಡಾದಿಡ್ಡಿ ನಿಲ್ಲಿಸಿದ ಬೈಕುಗಳು. ನಾನು ತಮ್ಮನ ಜೊತೆ ಹತ್ತಲು ಹೋದೆ. ಸಿಸ್ಟರ್ ತೋಳು ಹಿಡಿದು ಎಳೆದರು.

"ನೀವು ಹತ್ತಿ ಮಾಡೋದೇನು? ನಮ್ಮ ನರ್ಸ್ ಹುಡುಗಿ ಜೊತೆಗೆ ಹೋಗ್ತಾಳೆ. ಆ ಗೇಟು ತೆರವು ಮಾಡಿ. ಇಷ್ಟು ದಿನ ನನ್ನ ತಲೆ ತಿಂದ್ರಲ್ಲ, ಆ ಬಾಯಿ ಈಗ ಅಲ್ಲಿ ತೋರಿಸಿ."

ತಮ್ಮನ ಮುಖ ನೋಡಿದೆ. ಸುಣ್ಣದಂತಾಗಿತ್ತು. ಅವನನ್ನು ಬಿಟ್ಟು ಗೇಟಿಗೆ ಓಡಿದೆ.

ಕೈಮುಗಿದರೆ ಗುಂಪು ಸರಿಯುವುದಿಲ್ಲ, ಬೈದರೆ ಜಗಳಕ್ಕೆ ನಿಲ್ಲುತ್ತದೆ. ಅವರಿಗೆ ಬೇಕಾದದ್ದನ್ನು ಕೊಡುತ್ತೇನೆಂದು ಹೇಳಿ ನಮಗೆ ಬೇಕಾದದ್ದನ್ನು ತೆಗೆದುಕೊಳ್ಳಬೇಕು. "ಗಾಯವಾದವರ ಮನೆಗೊಬ್ಬರನ್ನ ಒಳಗೆ ಬಿಡ್ತೀನಿ, ಯಾರು ಬರ್ತೀರೋ ನೀವೇ ತೀರ್ಮಾನ ಮಾಡಿ ಆ ಗೋಡೆ ಹತ್ರ ನಿಲ್ಲಿ" ಅಂದೆ. ಯಾರು ಹೋಗಬೇಕೆಂದು ಅವರವರಲ್ಲೇ ವಾದ ಶುರುವಾಗಿ ಜನ ಗೋಡೆಯ ಕಡೆ ಸರಿದರು. ಅಲ್ಲಾಡದೆ ಉಳಿದ ಬೈಕಿನವನಿಗೆ, "ರಕ್ತ ಕೊಡೋಕೆ ಬಂದ್ರಾ? ಬನ್ನಿ, ನಿಮ್ಮನ್ನೇ ಕಾಯ್ತಿದ್ದಾರೆ" ಅಂದೆ. ಬೈಕ್ ತಕ್ಷಣ ಸ್ಟಾರ್ಟ್ ಆಯಿತು! ಆಂಬುಲೆನ್ಸ್ ನನ್ನ ಪಕ್ಕದಲ್ಲೇ ಹಾದುಹೋಯಿತು. ಗಾಜಿನೊಳಗೆ ಏನೂ ಕಾಣಲಿಲ್ಲ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ತಮ್ಮ ಉಳಿದ. ಇನ್ನು ಸ್ವಲ್ಪ ತಡವಾಗಿದ್ದರೆ... ಅಂತ ಅಲ್ಲಿಯ ಡಾಕ್ಟರ್ ಮಾತು ನಿಲ್ಲಿಸಿದ್ದರು.

ಆಸ್ಪತ್ರೆ ಮುಂದೆ ಬೇರೆಯವರ ಕೈಗೆ ಹೋಯಿತು, ಸಿಸ್ಟರ್ ಕೆಲಸ ಬಿಟ್ಟರು. ನನಗೊಂದು ಯೋಚನೆ ಬಂದಿತ್ತು. ಕಲ್ಯಾಣ ಮಂಟಪಗಳಲ್ಲಿ, ಕಾರ್ಖಾನೆಗಳಲ್ಲಿ ಅವರಿಂದ ಈ ಪಾಠ ಹೇಳಿಸಬೇಕು. ವಿದ್ಯಾನಗರದ ಒಂದು ಮಂಟಪದವರನ್ನು ಒಪ್ಪಿಸಿಯೂ ಬಿಟ್ಟೆ. ಸಿಸ್ಟರ್, "ಸೊಸೆ ಬಾಣಂತನ ಮುಗೀಲಿ, ಬರ್ತೀನಿ" ಅಂದಿದ್ದರು. ಆಮೇಲೆ ನನಗೂ ಕೆಲಸ ಹೆಚ್ಚಾಯಿತು, ಮಾತು ಅಲ್ಲಿಗೇ ನಿಂತಿತು.

ಚಿಂದಿ ಕಂಡ ಮರುದಿನವೇ ತಮ್ಮನನ್ನು ಕರೆದುಕೊಂಡು ಕಾಗದನಗರಕ್ಕೆ ಹೋದೆ. ಸೊಸೆ ಬಾಗಿಲು ತೆಗೆದಳು. ಸಿಸ್ಟರ್ ಹೋದ ಮಳೆಗಾಲದಲ್ಲೇ ತೀರಿಕೊಂಡಿದ್ದರು. "ಬೆಳಿಗ್ಗೆ ಸ್ವಲ್ಪ ಸುಸ್ತು ಅಂದ್ರು ಅಷ್ಟೇ. ಮಗು ರಚ್ಚೆ ಹಿಡಿದಿತ್ತು, ನಾನು ಅದನ್ನ ಸಮಾಧಾನ ಮಾಡ್ತಿದ್ದೆ. ಬಂದು ನೋಡೋಷ್ಟರಲ್ಲಿ..." ಅಂದಳು. ಎದೆನೋವೆಂದು ಅವರು ಬಾಯಿಬಿಟ್ಟು ಹೇಳಿರಲೇ ಇಲ್ಲ. ಆ ಶನಿವಾರದ ಪಾಠವನ್ನು ಈ ಹುಡುಗಿಗೆ ಯಾರು ಹೇಳಿಕೊಟ್ಟಿದ್ದರು? ಅವಳ ತಪ್ಪಲ್ಲ ಅದು.

ವಾಪಸು ಬರುವಾಗ ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ತಮ್ಮ ಅತ್ತ. ಅಳಲಿ ಅಂತ ಬಿಟ್ಟೆ.

"ಮಂಟಪದೋರಿಗೆ ಏನು ಹೇಳ್ತೀಯಣ್ಣ?" ಅಂದ ಆಮೇಲೆ.

"ಮಾತು ಕೊಟ್ಟಾಗಿದೆಯಲ್ಲೋ. ನಾವಿಬ್ರೇ ಹೋಗೋಣ, ಗೊತ್ತಿರೋದಷ್ಟು ಹೇಳೋಣ."

ಮುಂದಿನ ವಾರ ಹೋಗುತ್ತಿದ್ದೇವೆ. ಅಡುಗೆಯವರು, ಶಾಮಿಯಾನದವರು, ಎಲ್ಲರೂ ಬರಲಿ ಎಂದು ತಾಕೀತು ಮಾಡಿದ್ದೇನೆ. ಮಾತಾಡುವುದಕ್ಕೆ ನನಗೆ ಅಳುಕಿಲ್ಲ, ಹೇಳುವಷ್ಟನ್ನು ಚೆನ್ನಾಗಿಯೇ ಹೇಳುತ್ತೇನೆ. ಯಾರಾದರೂ ಎದ್ದು ನನಗೆ ತಿಳಿಯದ ಪ್ರಶ್ನೆ ಕೇಳಿದರೆ ಮಾತ್ರ, ಅವರ ಕಡೆ ತಿರುಗಿ "ಸಿಸ್ಟರ್, ನೀವೇ ಹೇಳಿ" ಅನ್ನುವ ಹಾಗಿಲ್ಲ.